ಹಸಿರು ವರದಿ ಸಾಕು, ಖರೀದಿ ಆದೇಶ ತೋರಿಸಿ

ಉದ್ದಿಮೆಗಳ ಮುಖ್ಯಸ್ಥರಿಗೆ ಮತ್ತು ಆಡಳಿತ ಮಂಡಳಿಗಳ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಸುಸ್ಥಿರತಾ ವರದಿಗಳನ್ನು ನಾವು ಹಿಂದಿನಿಂದ ಮುಂದಕ್ಕೆ ಓದುತ್ತೇವೆ. ಮುಂದಿನ ಪುಟಗಳಲ್ಲಿ ಸಸಿ ಹಿಡಿದ ಅಂಗೈ, ಗಾಳಿಯಂತ್ರ, ನಗುವ ಮಕ್ಕಳು. ಯಾವ ವರ್ಷವನ್ನು ಆಧಾರವಾಗಿ ಹಿಡಿದಿರಿ, ಯಾವ ಘಟಕವನ್ನು ಲೆಕ್ಕದಿಂದ ಬಿಟ್ಟಿರಿ, ಎಲ್ಲೆಲ್ಲಿ ಅಳೆಯದೆ ಅಂದಾಜು ಹಾಕಿದಿರಿ ಎಂಬುದೆಲ್ಲ ಕೊನೆಯ ಅನುಬಂಧದಲ್ಲಿ, ಕನ್ನಡಕ ಹಾಕಿದರೂ ಕಣ್ಣು ಕಿರಿದು ಮಾಡಬೇಕಾದ ಅಕ್ಷರಗಳಲ್ಲಿ ಇರುತ್ತದೆ. ಕಂಪನಿಯ ನಿಜಸ್ಥಿತಿ ಸಿಗುವುದು ಅಲ್ಲಿ.

ಇಂಧನ ತಪಾಸಣೆ, ಖರೀದಿ, ಪ್ಯಾಕೇಜಿಂಗ್, ಹೊರಸೂಸುವಿಕೆಯ (ವಾತಾವರಣಕ್ಕೆ ಬಿಡುವ ಹಸಿರುಮನೆ ಅನಿಲಗಳ) ಲೆಕ್ಕ ಇವೇ ನಮ್ಮ ದಿನನಿತ್ಯದ ಕೆಲಸ. ಈ ಕೆಲಸ ಬಲ್ಲವರಾಗಿ ಹೇಳಬೇಕಾದ್ದು ಒಂದೇ ಇದೆ. ಕಂಪನಿ ಬದಲಾಗಿದೆಯೋ ಇಲ್ಲವೋ ಎಂದು ತಿಳಿಯಲು ಪರಿಸರ ವಿಭಾಗದ ಬಾಗಿಲು ತಟ್ಟಬೇಕಿಲ್ಲ. ಹಳೆಯ ಯಂತ್ರ ಕೆಟ್ಟಾಗ ಯಾವ ಯಂತ್ರಕ್ಕೆ ಆರ್ಡರ್ ಹೋಯಿತು, ಸರಬರಾಜುದಾರನಿಗೆ ಎಷ್ಟು ವರ್ಷದ ಒಪ್ಪಂದ ಕೊಟ್ಟಿರಿ, ಯಾರ ಬೋನಸ್ ಯಾವ ಅಂಕಿಗೆ ಕಟ್ಟಿಕೊಂಡಿದೆ ಎಂಬ ಮೂರು ಕಾಗದ ನೋಡಿದರೆ ಸಾಕು. ಆ ಮೂರೂ ಹಿಂದಿನಂತೆಯೇ ಇದ್ದರೆ ವರದಿ ಎಷ್ಟು ದಪ್ಪವಿದ್ದರೂ ಅದು ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು.

'ಗ್ರೀನ್‌ವಾಷಿಂಗ್' (ಪರಿಸರ ಕಾಳಜಿಯ ಸೋಗು) ಎಂಬ ಮಾತು ಹುಟ್ಟಿದ್ದೇ ಹೋಟೆಲಿನ ಟವೆಲ್‌ನಿಂದ. 1986ರಲ್ಲಿ ಅಮೆರಿಕದ ಪರಿಸರವಾದಿ ಜೇ ವೆಸ್ಟರ್ವೆಲ್ಡ್, ಭೂಮಿ ಉಳಿಸಲು ಟವೆಲನ್ನು ಮತ್ತೆ ಬಳಸಿ ಎಂದು ಅತಿಥಿಗಳಿಗೆ ಉಪದೇಶಿಸುವ ಹೋಟೆಲುಗಳನ್ನು ಕುಟುಕಲು ಈ ಪದ ಬಳಸಿದರು. ಟವೆಲ್ ಒಗೆಯದಿದ್ದರೆ ನೀರು, ಸೋಪು ಉಳಿಯುವುದು ನಿಜವೇ. ಆದರೆ ಅದೇ ಕಟ್ಟಡದ ಬಾಯ್ಲರಿನ ಚಿಮಣಿಯಿಂದ ಎಷ್ಟು ಬಿಸಿ ಹೊರಗೆ ಹೋಗುತ್ತಿದೆ ಎಂದು ಯಾರೂ ಚೀಟಿ ಅಂಟಿಸುವುದಿಲ್ಲ. ಹೊಗೆಯ ಉಷ್ಣತೆಯನ್ನು ಸುಮಾರು 22 ಡಿಗ್ರಿ ಸೆಲ್ಸಿಯಸ್ ಇಳಿಸಿದರೆ ಬಾಯ್ಲರಿನ ದಕ್ಷತೆ ಶೇ. 1ರಷ್ಟು ಏರುತ್ತದೆ. ಹಬೆ ತಣಿದು ಬಂದ ಬಿಸಿನೀರನ್ನು ಚರಂಡಿಗೆ ಬಿಡದೆ ಹಿಂದಕ್ಕೆ ತಂದು, ಬಾಯ್ಲರಿಗೆ ಹೋಗುವ ನೀರನ್ನು 6 ಡಿಗ್ರಿ ಹೆಚ್ಚು ಬಿಸಿಯಾಗಿ ಕೊಟ್ಟರೆ ಇನ್ನೊಂದು ಶೇ. 1ರಷ್ಟು ಇಂಧನ ಉಳಿಯುತ್ತದೆ. ಇದರ ಬಗ್ಗೆ ಅತಿಥಿಗೆ ಹೇಳಬೇಕಿಲ್ಲ, ಮಾಡಿದರಾಯಿತು.

ಮೊದಲು ಲೆಕ್ಕದ ಕೈಚಳಕ. 'ಪ್ರತಿ ಟನ್ ಉತ್ಪನ್ನಕ್ಕೆ ಹೊರಸೂಸುವಿಕೆ ಶೇ. 20 ಇಳಿದಿದೆ' ಎಂದು ಬರೆಯುತ್ತೀರಿ. ಅದೇ ಅವಧಿಯಲ್ಲಿ ಉತ್ಪಾದನೆ ಶೇ. 40 ಏರಿದ್ದರೆ 0.8ನ್ನು 1.4ರಿಂದ ಗುಣಿಸಿ ನೋಡಿ: 1.12. ಒಟ್ಟು ಹೊಗೆ ಶೇ. 12 ಹೆಚ್ಚಾಗಿದೆ. ವಾತಾವರಣಕ್ಕೆ ತಲುಪುವುದು ಒಟ್ಟು ಟನ್. ಪ್ರತಿ ಟನ್ನಿನ ಲೆಕ್ಕ ನಿಮ್ಮ ಇಂಜಿನಿಯರುಗಳಿಗೆ ಬೇಕೇಬೇಕು, ಇಟ್ಟುಕೊಳ್ಳಿ. ಜನರ ಮುಂದಿಡುವಾಗ ಒಟ್ಟು ಟನ್ನನ್ನು ಮೊದಲ ಸಾಲಿನಲ್ಲಿ ಹಾಕಿ.

ಇನ್ನೊಂದು ಕೈಚಳಕ ಇನ್ನೂ ಸೊಗಸು. ಎರಕದ ಕೆಲಸವನ್ನೋ ಬಣ್ಣ ಹಾಕುವ ಕೆಲಸವನ್ನೋ ಹೊರಗಿನವರಿಗೆ ಗುತ್ತಿಗೆ ಕೊಟ್ಟರೆ ಸ್ಕೋಪ್ 1, ಅಂದರೆ ನಿಮ್ಮದೇ ಚಿಮಣಿಯ ಹೊಗೆ, ಒಂದೇ ವರ್ಷದಲ್ಲಿ ಧೊಪ್ಪನೆ ಬೀಳುತ್ತದೆ. ಹೊಗೆ ಮಾತ್ರ ಎಲ್ಲಿಗೂ ಹೋಗಿಲ್ಲ, ಪಕ್ಕದ ಬೇಲಿಯಾಚೆ ಸ್ಕೋಪ್ 3ಕ್ಕೆ, ಅಂದರೆ ಸರಬರಾಜುದಾರರ ಮತ್ತು ಗಿರಾಕಿಗಳ ಕಡೆಯ ಹೊಗೆಯ ಲೆಕ್ಕಕ್ಕೆ, ದಾಟಿದೆ ಅಷ್ಟೆ. ಇಂಥ ಬದಲಾವಣೆ ದೊಡ್ಡದಾಗಿದ್ದರೆ ಆಧಾರ ವರ್ಷದ ಅಂಕಿಯನ್ನೂ ತಿದ್ದಬೇಕು ಎಂದು ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಜಗತ್ತು ಬಳಸುವ ಜಿಎಚ್‌ಜಿ ಪ್ರೋಟೋಕಾಲ್ ಹೇಳುತ್ತದೆ. ಎಷ್ಟು ದೊಡ್ಡದಾದರೆ ತಿದ್ದುತ್ತೀರಿ ಎಂಬ ಮಿತಿಯನ್ನು ಮೊದಲೇ ಬರೆದು ಪ್ರಕಟಿಸಿ. ಅಂಕಿ ಚೆನ್ನಾಗಿ ಬಂದ ಮೇಲೆ ನಿಯಮ ಬರೆಯುವುದು ಬೇಡ.

ಈಗ ಕಾರ್ಖಾನೆಯ ಒಳಗೆ ಬರೋಣ. ಚಾವಣಿಯ ಸೌರಫಲಕದ ಫೋಟೋ ಎಲ್ಲರ ಬಳಿಯೂ ಇದೆ. ಕೆಳಗೆ ಕಂಪ್ರೆಸರ್ ಕೋಣೆಯಲ್ಲಿ ಏನಾಗುತ್ತಿದೆ? ಗಾಳಿ ಒತ್ತಲು ಕೊಟ್ಟ ವಿದ್ಯುತ್ತಿನಲ್ಲಿ ಹತ್ತರಲ್ಲೊಂದು ಪಾಲು ಉಪಯುಕ್ತ ಕೆಲಸವಾದರೆ ಹೆಚ್ಚು, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಆ ಒಂದು ಪಾಲಿನಲ್ಲೂ ಸೋರಿಕೆ. ಇದನ್ನು ಅಳೆಯಲು ಸಲಹೆಗಾರರು ಬೇಡ, ಒಂದು ಗಡಿಯಾರ ಸಾಕು. ರಜೆಯ ದಿನ ಗಾಳಿ ಬಳಸುವ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ಲೈನಿನ ವಾಲ್ವುಗಳನ್ನು ತೆರೆದೇ ಇಡಿ, ಕಂಪ್ರೆಸರ್ ಮಾತ್ರ ಚಾಲೂ ಮಾಡಿ. ಒತ್ತಡ ತುಂಬಿದಾಗ ಅದು ಅನ್‌ಲೋಡ್ ಆಗುತ್ತದೆ, ಅಂದರೆ ಗಾಳಿ ಒತ್ತುವುದನ್ನು ನಿಲ್ಲಿಸುತ್ತದೆ. ಸೋರಿಕೆಯಿಂದ ಒತ್ತಡ ಇಳಿದಾಗ ಮತ್ತೆ ಲೋಡ್ ಆಗುತ್ತದೆ. ಲೋಡಿನಲ್ಲಿ ಎಷ್ಟು ಹೊತ್ತು, ಅನ್‌ಲೋಡಿನಲ್ಲಿ ಎಷ್ಟು ಹೊತ್ತು ಎಂದು ನಾಲ್ಕೈದು ಸುತ್ತು ಬರೆದುಕೊಳ್ಳಿ. ಲೋಡಿನ ಹೊತ್ತನ್ನು ಎರಡರ ಮೊತ್ತದಿಂದ ಭಾಗಿಸಿ. ಲೋಡ್ 90 ಸೆಕೆಂಡ್, ಅನ್‌ಲೋಡ್ 210 ಸೆಕೆಂಡ್ ಬಂದರೆ, 300ಕ್ಕೆ 90, ಅಂದರೆ ಕಂಪ್ರೆಸರ್ ಒತ್ತಬಲ್ಲ ಗಾಳಿಯಲ್ಲಿ ಶೇ. 30 ಯಾರಿಗೂ ಉಪಯೋಗಕ್ಕೆ ಬರದೆ ಹೋಗುತ್ತಿದೆ. ಚೆನ್ನಾಗಿ ನೋಡಿಕೊಂಡ ವ್ಯವಸ್ಥೆಯಲ್ಲಿ ಇದು ಶೇ. 10ರ ಒಳಗಿರಬೇಕು.

ಸೋರುವ ಜಾಗಗಳೂ ಗುಟ್ಟಿನವಲ್ಲ. ಕ್ವಿಕ್ ಕಪ್ಲಿಂಗಿನ ಸವೆದ ಓ-ರಿಂಗ್, ಕ್ಲಿಪ್ ಸಡಿಲಾದ ಹೋಸ್, ಫಿಲ್ಟರ್ ಬೌಲಿನ ಕೆಳಗೆ ನೀರು ಬಿಡಲೆಂದು ಯಾರೋ ಶಾಶ್ವತವಾಗಿ ಅರ್ಧ ತೆರೆದಿಟ್ಟ ಡ್ರೈನ್. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ, ದೊಡ್ಡ ಶೆಡ್ಡಾದರೆ ಅಲ್ಟ್ರಾಸಾನಿಕ್ ಪತ್ತೆಯಂತ್ರ ಹಿಡಿದು ಒಂದು ಸುತ್ತು ಬಂದರಾಯಿತು. ಇಷ್ಟು ಸುಲಭದ ಕೆಲಸ ಮಾಡಿದ ಆರು ತಿಂಗಳಿಗೆ ಸೋರಿಕೆ ಮತ್ತೆ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಕಾರಣ ತಾಂತ್ರಿಕವಲ್ಲ. ಓ-ರಿಂಗಿನ ಖರ್ಚು ಮೆಂಟೆನೆನ್ಸ್ ಬಜೆಟ್ಟಿಗೆ, ವಿದ್ಯುತ್ ಬಿಲ್ಲು ಇನ್ನೊಂದು ಖಾತೆಗೆ. ಮೆಂಟೆನೆನ್ಸ್ ಮುಖ್ಯಸ್ಥ ಓ-ರಿಂಗ್ ಕೊಳ್ಳದಿದ್ದರೆ ಅವನ ಬಜೆಟ್ಟು ಉಳಿಯಿತು, ಶಹಬ್ಬಾಸ್ ಸಿಕ್ಕಿತು. ಪ್ರತಿ ವಿಭಾಗಕ್ಕೂ ಬೇರೆ ಮೀಟರ್ ಹಾಕಿ, ಗಾಳಿಯ ವಿದ್ಯುತ್ತಿನ ಖರ್ಚನ್ನು ಅದನ್ನು ಬಳಸುವ ವಿಭಾಗದ ಖಾತೆಗೇ ಹಾಕುವುದು ನಿಮ್ಮ ಕೈಯಲ್ಲಿದೆ, ಫಿಟ್ಟರ್ ಕೈಯಲ್ಲಿಲ್ಲ. ಇದು ಆಗುವ ತನಕ ಲೈನಿನ ಒತ್ತಡವನ್ನಾದರೂ ಒಂದು ಬಾರ್ ಇಳಿಸಿ ನೋಡಿ. ಸುಮಾರು ಶೇ. 7 ವಿದ್ಯುತ್ ಉಳಿಯುತ್ತದೆ, ಸೋರಿಕೆಯೂ ಕಮ್ಮಿಯಾಗುತ್ತದೆ. ಬಹುತೇಕ ಕಡೆ ಒತ್ತಡ ಏರಿಸಿರುವುದು ಕೊನೆಯ ತುದಿಯ ಯಾವುದೋ ಒಂದು ಯಂತ್ರಕ್ಕಾಗಿ.

ತಂಪು ಯಂತ್ರಗಳ ಅನಿಲದ್ದು ಇನ್ನೂ ದೊಡ್ಡ ಮೌನ. ಶೀತಲಗೃಹಗಳಲ್ಲಿ ಇನ್ನೂ ಕಾಣಸಿಗುವ ಆರ್-404ಎ ಅನಿಲದ ತಾಪನ ಸಾಮರ್ಥ್ಯ ಇಂಗಾಲದ ಡೈಆಕ್ಸೈಡಿನ 3,922 ಪಟ್ಟು, ನೂರು ವರ್ಷದ ಲೆಕ್ಕದಲ್ಲಿ. ಹತ್ತು ಕಿಲೋ ಸೋರಿದರೆ 39 ಟನ್ನಿಗೆ ಸಮ. ಸುಮಾರು 14,600 ಲೀಟರ್ ಡೀಸೆಲ್ ಸುಟ್ಟಷ್ಟು. ನಿಮ್ಮ ಬಹಳಷ್ಟು ವರದಿಗಳಲ್ಲಿ ಈ ಸಾಲಿನ ಮುಂದೆ 'ಗಣನೀಯವಲ್ಲ' ಎಂದಿರುತ್ತದೆ. ಅದು ಗಣನೀಯವಲ್ಲವೆಂದು ತಿಳಿದದ್ದಾದರೂ ಹೇಗೆ, ತೂಗಿದ್ದೀರಾ? ವರ್ಷದಲ್ಲಿ ಎಷ್ಟು ಕಿಲೋ ಅನಿಲ ಕೊಂಡಿರಿ, ಎಷ್ಟು ಮರಳಿ ತೆಗೆದಿರಿ, ವರ್ಷದ ಮೊದಲೂ ಕೊನೆಗೂ ದಾಸ್ತಾನಿನ ಸಿಲಿಂಡರುಗಳ ತೂಕ ಎಷ್ಟು ಎಂದು ಬರೆದಿಡಿ. ಯಂತ್ರಗಳ ಸಾಮರ್ಥ್ಯ ಬದಲಾಗದಿದ್ದರೆ, ಲೆಕ್ಕಕ್ಕೆ ಸಿಗದ ಅನಿಲವೆಲ್ಲ ಗಾಳಿಗೆ ಹೋಯಿತೆಂದೇ ಅರ್ಥ. ಸರ್ವೀಸ್ ಗುತ್ತಿಗೆದಾರ 'ಗ್ಯಾಸ್ ಟಾಪ್-ಅಪ್' ಎಂದು ಬಿಲ್ಲಿನಲ್ಲಿ ಬರೆದು ಕಿಲೋ ಬರೆಯದಿದ್ದರೆ ಆ ಬಿಲ್ಲನ್ನು ಪಾಸು ಮಾಡಬೇಡಿ. ಸೋರಿಕೆ ಎಲ್ಲೆಂದು ಹುಡುಕದೆ ತುಂಬುತ್ತಲೇ ಹೋಗುವುದು ತೂತಿನ ಕೊಡಕ್ಕೆ ನೀರು ಹೊತ್ತಂತೆ. ಇಂಥ ಅನಿಲಗಳನ್ನು ಹಂತಹಂತವಾಗಿ ಇಳಿಸಲು 2016ರಲ್ಲೇ ಕಿಗಾಲಿ ತಿದ್ದುಪಡಿ ಎಂಬ ಅಂತರರಾಷ್ಟ್ರೀಯ ಒಪ್ಪಂದ ಆಗಿದೆ, ಆದ್ದರಿಂದ ಮುಂದೆ ಇವು ಸಿಗುವುದೂ ಕಷ್ಟವೇ.

ನಾವು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಇದು. ಬಾಯ್ಲರ್, ಚಿಲ್ಲರ್, ದೊಡ್ಡ ಮೋಟಾರು ಬದಲಾಗುವುದು ಯೋಜನೆಯ ಪ್ರಕಾರವಲ್ಲ, ಕೆಟ್ಟಾಗ. ಕೆಟ್ಟ ದಿನ ಉತ್ಪಾದನೆ ನಿಂತಿರುತ್ತದೆ, ಫೋನು ಹೊಡೆದುಕೊಳ್ಳುತ್ತಿರುತ್ತದೆ. ಆ ಗಡಿಬಿಡಿಯಲ್ಲಿ ಪರ್ಚೇಸಿನವರು ಅದೇ ಹಳೆಯ ಮಾದರಿಯನ್ನೇ ತರಿಸುತ್ತಾರೆ, ಏಕೆಂದರೆ ಪೈಪು, ಪಾಯ, ಕೇಬಲ್ ಎಲ್ಲ ಅದಕ್ಕೇ ಹೊಂದುತ್ತವೆ. ಹಾಗೆ ತಂದ ಬಾಯ್ಲರ್ ಇನ್ನು ಇಪ್ಪತ್ತು ವರ್ಷ ಅಲ್ಲೇ ಕೂರುತ್ತದೆ. 2040ಕ್ಕೆ ಹೊಗೆ ಇಳಿಸುವ ನಿಮ್ಮ ಭರವಸೆಯನ್ನು ಆ ಒಂದು ಮಧ್ಯಾಹ್ನ ಮುರಿದು ಹಾಕಿರುತ್ತದೆ, ಅದು ಯಾರಿಗೂ ಗೊತ್ತಾಗಿರುವುದಿಲ್ಲ.

ಆದ್ದರಿಂದ ಹತ್ತು ವರ್ಷಕ್ಕಿಂತ ಹಳೆಯದಾದ ಪ್ರತಿ ದೊಡ್ಡ ಯಂತ್ರಕ್ಕೂ ಈಗಲೇ ಒಂದು ಹಾಳೆ ಮಾಡಿ. ಇದು ಕೆಟ್ಟರೆ ಏನು ಹಾಕಬೇಕು, ಹೀಟ್ ಪಂಪ್ (ವಿದ್ಯುತ್ತಿನಿಂದ ಬಿಸಿ ಎತ್ತಿ ಕೊಡುವ ಯಂತ್ರ) ಆಗುತ್ತದೆಯೇ, ವಿದ್ಯುತ್ ಸಂಪರ್ಕದ ಸಾಮರ್ಥ್ಯ ಸಾಲುತ್ತದೆಯೇ, ಸಾಲದಿದ್ದರೆ ಹೆಚ್ಚಿಸಲು ಎಷ್ಟು ತಿಂಗಳು ಬೇಕು, ಸರಬರಾಜುದಾರ ಯಾರು, ಬರುವ ತನಕ ಬಾಡಿಗೆಗೆ ಏನು ಸಿಗುತ್ತದೆ. ಹಾಳೆಯ ಕೆಳಗೆ ಹಣಕಾಸು ಮುಖ್ಯಸ್ಥರ ಸಹಿ ಈಗಲೇ ಇರಲಿ. ಜೊತೆಗೆ, ಎರಡು ಮೂರು ವರ್ಷದಲ್ಲಿ ಹಣ ವಾಪಸು ಬರದಿದ್ದರೆ ಯೋಜನೆಯೇ ಬೇಡ ಎಂಬ ನಿಯಮವನ್ನು ಇಪ್ಪತ್ತು ವರ್ಷ ಬಾಳುವ ಯಂತ್ರಗಳಿಗೆ ಹಚ್ಚಬೇಡಿ. ಮೋಟಾರನ್ನೇ ನೋಡಿ, ಕೊಂಡ ಬೆಲೆ ಅದರ ಜೀವಮಾನದ ವಿದ್ಯುತ್ ಬಿಲ್ಲಿನ ಪಕ್ಕದಲ್ಲಿ ಚಿಲ್ಲರೆ. ಟೆಂಡರಿನಲ್ಲಿ ಗೆಲ್ಲುವುದು ಮಾತ್ರ ಕೊಳ್ಳುವ ಬೆಲೆ. ಫ್ಯಾನು, ಪಂಪುಗಳ ವೇಗವನ್ನು ಡ್ರೈವ್ (ಮೋಟಾರಿನ ವೇಗ ಬದಲಿಸುವ ಸಾಧನ) ಹಾಕಿ ಶೇ. 80ಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಲೆಕ್ಕದಲ್ಲಿ ಅರ್ಧದಷ್ಟಾಗುತ್ತದೆ, ಏಕೆಂದರೆ ಶಕ್ತಿ ವೇಗದ ಘನಕ್ಕೆ ಅನುಗುಣ. ಎತ್ತರಕ್ಕೆ ನೀರೆತ್ತುವ ಪಂಪುಗಳಲ್ಲಿ ಉಳಿತಾಯ ಇದಕ್ಕಿಂತ ಕಡಿಮೆ, ಡ್ರೈವ್ ಮಾರುವವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ವಿದ್ಯುತ್ತಿನ ಬಗ್ಗೆ ಎರಡೇ ಮಾತು. 'ಶೇ. 100 ನವೀಕರಿಸಬಹುದಾದ ಶಕ್ತಿ' ಎನ್ನುವಾಗ ಅದು ಬೇರೆಲ್ಲೋ ತಯಾರಾದ ಹಸಿರು ವಿದ್ಯುತ್ತಿನ ಬರೀ ಪ್ರಮಾಣಪತ್ರ ಕೊಂಡದ್ದೋ, ನಿಮ್ಮ ದೀರ್ಘಾವಧಿ ಒಪ್ಪಂದದ ಬಲದಿಂದ ಹೊಸ ಘಟಕವೊಂದು ಎದ್ದು ನಿಂತದ್ದೋ ಹೇಳಿ. ರಾತ್ರಿ ಪಾಳಿ ನಡೆಸುವ ಕಾರ್ಖಾನೆ ಮಧ್ಯಾಹ್ನದ ಬಿಸಿಲಿನ ಪ್ರಮಾಣಪತ್ರ ಕೊಂಡರೆ ಕಾಗದದಲ್ಲಿ ಸೊನ್ನೆ, ತಂತಿಯಲ್ಲಿ ಕಲ್ಲಿದ್ದಲು. ಸ್ಕೋಪ್ 2ನ್ನು, ಅಂದರೆ ಕೊಂಡ ವಿದ್ಯುತ್ತಿನ ಹೊಗೆಯನ್ನು, ಗ್ರಿಡ್‌ ಆಧಾರದಲ್ಲೂ ಒಪ್ಪಂದದ ಆಧಾರದಲ್ಲೂ ಎರಡು ರೀತಿ ತೋರಿಸಬೇಕೆಂದು 2015ರ ಮಾರ್ಗದರ್ಶಿ ಹೇಳಿದೆ, ಎರಡನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಮುದ್ರಿಸಿ.

ಸ್ಕೋಪ್ 3ಕ್ಕೆ ಬಂದರೆ ಹದಿನೈದು ವರ್ಗಗಳಿವೆ. ಹದಿನೈದನ್ನೂ ತುಂಬಲು ಹೋಗಿ ಯಾವುದನ್ನೂ ನೆಟ್ಟಗೆ ಮಾಡದವರೇ ಹೆಚ್ಚು. ಸುಲಭದ ದಾರಿ ಎಂದು ಖರ್ಚು ಮಾಡಿದ ಹಣವನ್ನು ಒಂದು ಗುಣಕದಿಂದ ಗುಣಿಸುತ್ತೀರಿ. ಇದರ ತಮಾಷೆ ನೋಡಿ: ಉಕ್ಕಿನ ಸರಬರಾಜುದಾರನ ಜೊತೆ ಚೌಕಾಸಿ ಮಾಡಿ ಬೆಲೆ ಇಳಿಸಿದರೆ ನಿಮ್ಮ ಹೊರಸೂಸುವಿಕೆಯೂ ಇಳಿಯಿತು! ಅವನು ಹೆಚ್ಚು ಖರ್ಚು ಮಾಡಿ ಶುದ್ಧ ವಿಧಾನದಲ್ಲಿ ಮಾಡಿದ ಉಕ್ಕನ್ನು ದುಬಾರಿಗೆ ಕೊಂಡರೆ ಏರಿತು! ಎಲ್ಲಿ ದೊಡ್ಡದಿದೆ ಎಂದು ಹುಡುಕಲು ಈ ಲೆಕ್ಕ ಒಂದು ಸಲ ಸಾಕು. ಇಳಿಕೆ ತೋರಿಸಲು ಅದು ಕೆಲಸಕ್ಕೆ ಬಾರದು. ಅದಕ್ಕೆ ಕಿಲೋ ಬೇಕು, ಕಿಲೋವ್ಯಾಟ್ ಗಂಟೆ ಬೇಕು, ಸರಬರಾಜುದಾರನ ಮೀಟರಿನ ಅಂಕಿ ಬೇಕು.

ಆ ಅಂಕಿ ಪ್ರಶ್ನಾವಳಿಯಿಂದ ಬರುವುದಿಲ್ಲ. ಮೂವತ್ತು ಜನ ದುಡಿಯುವ ಒಂದು ಬಿಡಿಭಾಗದ ಘಟಕಕ್ಕೆ ಹತ್ತು ಗಿರಾಕಿಗಳು ಹತ್ತು ನಮೂನೆಯ, ಇನ್ನೂರು ಪ್ರಶ್ನೆಗಳ ಹಾಳೆ ಕಳಿಸಿದರೆ, ಅಲ್ಲಿನ ಲೆಕ್ಕದ ಗುಮಾಸ್ತ ಕಳೆದ ವರ್ಷದ ಉತ್ತರ ನಕಲು ಮಾಡಿ ಕಳಿಸುತ್ತಾನೆ. ತಪ್ಪು ಅವನದಲ್ಲ. ನಿಮ್ಮ ಖರೀದಿಯ ತೂಕದಲ್ಲಿ ಹೆಚ್ಚಿನ ಪಾಲು ಹೊತ್ತ ಕೆಲವೇ ಸರಬರಾಜುದಾರರನ್ನು ಆರಿಸಿ. ಇಂಧನ ಎಷ್ಟು, ವಿದ್ಯುತ್ ಎಷ್ಟು, ಮಾಡಿದ ಮಾಲು ಎಷ್ಟು ಎಂದು ಮೂರೇ ಪ್ರಶ್ನೆ ಕೇಳಿ. ಬದಲಿಗೆ ಐದು ವರ್ಷದ ಖರೀದಿ ಭರವಸೆ ಕೊಡಿ, ಏಕೆಂದರೆ ಆ ಕಾಗದ ತೋರಿಸಿದರೆ ಮಾತ್ರ ಹೊಸ ಕುಲುಮೆಗೆ ಬ್ಯಾಂಕು ಸಾಲ ಕೊಡುತ್ತದೆ. ಹಣವನ್ನು 90 ದಿನದ ಬದಲು 30 ದಿನಕ್ಕೆ ಕೊಡಿ. ಅವನು ಇಂಧನ ಉಳಿಸಿದ ಮರುವರ್ಷವೇ 'ನಿನಗೆ ಖರ್ಚು ಕಡಿಮೆಯಾಯಿತಲ್ಲ, ರೇಟು ಇಳಿಸು' ಎಂದು ಪರ್ಚೇಸಿನವರು ಹೋದರೆ, ಮುಂದೆ ಅವನು ಉಳಿಸಿದ್ದನ್ನು ಮುಚ್ಚಿಡುವುದು ಖಂಡಿತ. ಕೊನೆಯ ಗಳಿಗೆಯಲ್ಲಿ ಆರ್ಡರ್ ಬದಲಿಸುವ ಚಾಳಿಯನ್ನೂ ಬಿಡಿ. ಅಲ್ಲಿನ ಕೆಲಸಗಾರರ ಓವರ್‌ಟೈಮ್ ಮಿತಿ ಮೀರುವುದು ಬಹುಪಾಲು ಇದರಿಂದಲೇ, ಆಮೇಲೆ ಅದೇ ಘಟಕಕ್ಕೆ ನೀವು ಕಾರ್ಮಿಕ ತಪಾಸಣೆಗೆ ಜನ ಕಳಿಸುತ್ತೀರಿ.

ಮಾರಿದ ಮಾಲು ಬಳಕೆಯಲ್ಲಿ ಎಷ್ಟು ತಿನ್ನುತ್ತದೆ ಎಂಬುದೂ ಸ್ಕೋಪ್ 3ರಲ್ಲೇ ಬರುತ್ತದೆ. ಪಂಪು ಮಾಡುವ ಕಂಪನಿ ಆಫೀಸಿನ ಎಲ್‌ಇಡಿ ಬಲ್ಬಿನ ಬಗ್ಗೆ ಎರಡು ಪುಟ ಬರೆಯುತ್ತದೆ. 5 ಕಿಲೋವ್ಯಾಟಿನ ಒಂದು ಪಂಪು ವರ್ಷಕ್ಕೆ 4,000 ಗಂಟೆಯಂತೆ ಹತ್ತು ವರ್ಷ ಓಡಿದರೆ 2 ಲಕ್ಷ ಯೂನಿಟ್. ದಕ್ಷತೆಯನ್ನು ಶೇ. 70ರಿಂದ 75ಕ್ಕೆ ಏರಿಸಿದರೆ ಒಂದೊಂದು ಪಂಪಿನಲ್ಲೂ 13 ಸಾವಿರ ಯೂನಿಟ್ಟಿಗಿಂತ ಹೆಚ್ಚು ಉಳಿಯುತ್ತದೆ. ಇಂಪೆಲ್ಲರಿನ, ಅಂದರೆ ಪಂಪಿನೊಳಗೆ ತಿರುಗುವ ಚಕ್ರದ, ಎರಕವನ್ನು ನುಣುಪಾಗಿಸಿ, ಒಳಗಿನ ಸಂದು ಬಿಗಿ ಮಾಡಿ. ಬಲ್ಬು ಆಮೇಲೆ ನೋಡೋಣ.

ಪ್ಯಾಕೆಟ್ಟಿನ ಮೇಲೆ 'ಮರುಬಳಕೆಗೆ ಯೋಗ್ಯ' ಎಂದು ಅಚ್ಚು ಹಾಕುವವರಿಗೆ ತೊಳೆಯುವ ತೊಟ್ಟಿಯ ಬಳಿ ಒಂದು ದಿನ ನಿಲ್ಲಲು ನಮ್ಮ ವಿನಂತಿ. ಪೆಟ್ ಬಾಟಲಿಯ ಚೂರು ನೀರಿಗಿಂತ ಭಾರ, ಮುಳುಗುತ್ತದೆ. ಪಾಲಿಪ್ರೊಪಿಲೀನ್ ಮುಚ್ಚಳ, ಲೇಬಲ್ ಹಗುರ, ತೇಲುತ್ತವೆ. ತೇಲಿದ್ದನ್ನು ಬಳಿದು ತೆಗೆದರಾಯಿತು, ಎಷ್ಟು ಸರಳ. ಈಗ ಅದೇ ಬಾಟಲಿಗೆ ಮೈತುಂಬ ಪಿವಿಸಿ ಸ್ಲೀವ್ ತೊಡಿಸಿ. ಪಿವಿಸಿಯ ಸಾಂದ್ರತೆ ಹೆಚ್ಚುಕಡಿಮೆ ಪೆಟ್‌ನಷ್ಟೇ, ಜೊತೆಯಲ್ಲೇ ಮುಳುಗುತ್ತದೆ. ಪೆಟ್ ಕರಗಿಸುವ ಶಾಖಕ್ಕೆ ಪಿವಿಸಿ ಸುಟ್ಟು ಆಮ್ಲ ಬಿಡುತ್ತದೆ, ಇಡೀ ಘಾಣ ಹಳದಿ ತಿರುಗುತ್ತದೆ, ಕಪ್ಪು ಚುಕ್ಕೆ ಬೀಳುತ್ತದೆ. ಕಾರ್ಬನ್ ಬ್ಲ್ಯಾಕ್ ಹಾಕಿದ ಕಪ್ಪು ತಟ್ಟೆಯದು ಬೇರೆ ಕತೆ: ವಿಂಗಡಿಸುವ ಯಂತ್ರದ ಅವಗೆಂಪು ಕಣ್ಣಿಗೆ ಅದು ಕಾಣುವುದೇ ಇಲ್ಲ, ನೇರ ಕಸಕ್ಕೆ. ತಳದಲ್ಲಿರುವ ತ್ರಿಕೋನದೊಳಗಿನ ಅಂಕಿ ಮರುಬಳಕೆಯ ಮುದ್ರೆಯಲ್ಲ, 1988ರಿಂದಲೂ ಅದು ಪ್ಲಾಸ್ಟಿಕ್ಕಿನ ಜಾತಿಯನ್ನಷ್ಟೇ ಹೇಳುತ್ತದೆ. 'ಗೊಬ್ಬರವಾಗುತ್ತದೆ' ಎಂಬ ಚೀಲದ ಮೇಲೆ ಇಎನ್ 13432 ಎಂಬ ಯುರೋಪಿನ ಮಾನದಂಡದ ಹೆಸರಿದ್ದರೆ, ಅದರ ಪರೀಕ್ಷೆ ಕೈಗಾರಿಕಾ ಗೊಬ್ಬರ ಘಟಕದ 58 ಡಿಗ್ರಿ ಆಸುಪಾಸಿನ ಶಾಖವನ್ನು ಎದುರಿಟ್ಟುಕೊಂಡದ್ದು. ಅಂಥ ಘಟಕಕ್ಕೆ ಆ ಚೀಲ ತಲುಪುವ ದಾರಿಯೇ ಇಲ್ಲದ ಕಡೆ ಮಾರುತ್ತಿದ್ದರೆ ಆ ಮಾತನ್ನು ಅಳಿಸಿ. ಇನ್ನು 'ಶೇ. 30 ಮರುಬಳಕೆಯ ವಸ್ತು' ಎನ್ನುವಲ್ಲಿ ನಿಮ್ಮದೇ ಅಚ್ಚಿನ ಚೂರುಪಾರನ್ನು ಅದೇ ಅಚ್ಚಿಗೆ ಮತ್ತೆ ಹಾಕಿದ್ದನ್ನು ಸೇರಿಸಬೇಡಿ, ಪರಿಸರ ಹೇಳಿಕೆಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 14021 ಅದನ್ನು ಒಪ್ಪುವುದಿಲ್ಲ.

ಕಾರ್ಬನ್ ಆಫ್‌ಸೆಟ್ (ಬೇರೆಡೆ ಮರ ಬೆಳೆಸಿ ಅಥವಾ ಕಾಡು ಉಳಿಸಿ ತಮ್ಮ ಹೊಗೆ ಸರಿದೂಗಿಸುವ ಲೆಕ್ಕಪತ್ರ) ಕೊಂಡು 'ಇಂಗಾಲ ತಟಸ್ಥ' ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಕಲ್ಲಿದ್ದಲಿನಿಂದ ಹೊರಟ ಇಂಗಾಲದ ಒಂದು ಪಾಲು ಸಾವಿರಾರು ವರ್ಷ ಗಾಳಿಯಲ್ಲಿ ಉಳಿಯುತ್ತದೆ, ಅದಕ್ಕೆ ಜಾಮೀನು ನಿಂತ ಮರ ಒಂದು ಕಾಡ್ಗಿಚ್ಚಿಗೆ ಹೋಗುತ್ತದೆ. ನೀವು ಹಣ ಕೊಡದಿದ್ದರೂ ಆ ಕಾಡು ಉಳಿಯುತ್ತಿತ್ತೇ ಎಂಬ ಪ್ರಶ್ನೆಗೆ ಯಾರ ಬಳಿಯೂ ಗಟ್ಟಿ ಉತ್ತರವಿರುವುದಿಲ್ಲ. ಕಂಪನಿಗಳ ಹವಾಮಾನ ಗುರಿಗಳನ್ನು ಪರಿಶೀಲಿಸುವ ಸೈನ್ಸ್ ಬೇಸ್ಡ್ ಟಾರ್ಗೆಟ್ಸ್ ಇನಿಶಿಯೇಟಿವ್ 2021ರಲ್ಲಿ ತಂದ ನೆಟ್-ಝೀರೋ ಮಾನದಂಡದ ಪ್ರಕಾರ ಬಹುತೇಕ ಕಂಪನಿಗಳು ಮೊದಲು ಶೇ. 90ರಷ್ಟು ತಾವೇ ಇಳಿಸಬೇಕು, ಉಳಿದ ಚೂರಿಗೆ ಮಾತ್ರ ಗಾಳಿಯಿಂದ ಇಂಗಾಲ ಹೀರುವಿಕೆ. ಆಫ್‌ಸೆಟ್ ತೋರಿಸಿ ಉತ್ಪನ್ನವನ್ನು ತಟಸ್ಥವೆನ್ನುವ ಜಾಹೀರಾತನ್ನು ಯುರೋಪಿಯನ್ ಒಕ್ಕೂಟದ 2024ರ ನಿರ್ದೇಶನ ನಿಷೇಧಿಸಿದ್ದು, 2026ರ ಸೆಪ್ಟೆಂಬರ್ 27 ಅದರ ಜಾರಿಯ ದಿನ. ಕಾಡಿಗೆ ಹಣ ಕೊಡಬೇಕೆನಿಸಿದರೆ ಧಾರಾಳವಾಗಿ ಕೊಡಿ, ದೇಣಿಗೆಯ ಖಾತೆಯಲ್ಲಿ ಬರೆಯಿರಿ.

ಇನ್ನು ಬೋನಸ್. ಮುಖ್ಯಸ್ಥರ ಬೋನಸ್ಸಿನ ಒಂದು ಸಣ್ಣ ಪಾಲನ್ನು 'ಇಎಸ್‌ಜಿ (ಪರಿಸರ, ಸಾಮಾಜಿಕ, ಆಡಳಿತ) ಸ್ಕೋರ್' ಎಂಬುದಕ್ಕೆ ಕಟ್ಟುವ ರೂಢಿ ಬಂದಿದೆ. ಆ ಸ್ಕೋರಿನಲ್ಲಿ ತರಬೇತಿಯ ಗಂಟೆ, ನೀತಿಪತ್ರ, ಸಮೀಕ್ಷೆ ಎಲ್ಲ ಕಲಸುಮೇಲೋಗರವಾಗಿರುವುದರಿಂದ ಹೊಗೆ ಏರಿದರೂ ಪೂರ್ತಿ ಬೋನಸ್ ಸಿಗುತ್ತದೆ. ಕಟ್ಟುವುದಾದರೆ ಒಟ್ಟು ಟನ್ನಿಗೆ ಕಟ್ಟಿ, ಅದೂ ಪರ್ಚೇಸ್ ಮುಖ್ಯಸ್ಥ ಮತ್ತು ಘಟಕ ವ್ಯವಸ್ಥಾಪಕರಿಂದ ಶುರುಮಾಡಿ. ಪರಿಸರ ಅಧಿಕಾರಿಯ ಬೋನಸ್ಸಿಗೆ ಕಟ್ಟಿ ಪ್ರಯೋಜನವಿಲ್ಲ, ಆತನಿಗೆ ಒಂದು ವಾಲ್ವು ಕೊಳ್ಳುವ ಅಧಿಕಾರವೂ ಇರುವುದಿಲ್ಲ. ನಿಮ್ಮ ವಾಣಿಜ್ಯ ಸಂಘ ನಿಮ್ಮದೇ ಚಂದಾ ಹಣದಲ್ಲಿ ಯಾವ ಪರಿಸರ ನಿಯಮದ ವಿರುದ್ಧ ಮನವಿ ಕೊಟ್ಟಿದೆ ಎಂಬುದನ್ನೂ ಒಮ್ಮೆ ವಿಚಾರಿಸಿ ನೋಡಿ.

ಮುಂದಿನ ವಾರ್ಷಿಕ ಸಭೆಗೆ ನಾವು ಕೇಳುವುದು ನಾಲ್ಕು ಪುಟ. ಒಂದರಲ್ಲಿ, ಆಧಾರ ವರ್ಷದಿಂದ ಇಲ್ಲಿಯವರೆಗಿನ ಒಟ್ಟು ಟನ್, ಮೂರೂ ಸ್ಕೋಪುಗಳಲ್ಲಿ, ಆಫ್‌ಸೆಟ್ ಕಳೆಯದೆ, ಅಳೆದದ್ದೆಷ್ಟು ಅಂದಾಜೆಷ್ಟು ಎಂಬುದರ ಸಮೇತ. ಇನ್ನೊಂದರಲ್ಲಿ, ಕಳೆದ ವರ್ಷದ ಬಂಡವಾಳ ವೆಚ್ಚದ ಪಟ್ಟಿ, ಇಂಧನ ಸುಡುವ ಹೊಸ ಯಂತ್ರಗಳಿಗೆ ಎಷ್ಟು, ಅವುಗಳನ್ನು ಬಿಡಲು ಎಷ್ಟು ಎಂದು ಬೇರ್ಪಡಿಸಿ. ಮೂರನೆಯದು ಮೇಲೆ ಹೇಳಿದ ಬದಲಿ ಯಂತ್ರಗಳ ಹಾಳೆಗಳ ಸಾರಾಂಶ. ನಾಲ್ಕನೆಯದರಲ್ಲಿ ಯಾರ ಬೋನಸ್ ಯಾವ ಅಂಕಿಗೆ, ಎಷ್ಟು ಪಾಲು. ಇದಕ್ಕೆ ಲೆಕ್ಕ ಪರಿಶೋಧಕರ ಸಹಿ ಹಾಕಿಸುವಾಗ 'ಸೀಮಿತ ಭರವಸೆ' ಸಾಕೆನ್ನಬೇಡಿ. ಅದರ ಅರ್ಥ ತಪ್ಪೇನೂ ನಮ್ಮ ಕಣ್ಣಿಗೆ ಬೀಳಲಿಲ್ಲ ಎಂಬುದಷ್ಟೇ. ನಿಮ್ಮ ಲಾಭನಷ್ಟದ ಲೆಕ್ಕಕ್ಕೆ ಸಿಗುವ ಮಟ್ಟದ ಭರವಸೆಯನ್ನೇ ಇದಕ್ಕೂ ಕೇಳಿ.

ಕಂಪ್ರೆಸರ್ ಪರೀಕ್ಷೆಗೆ ಸಭೆಯವರೆಗೆ ಕಾಯಬೇಕಿಲ್ಲ. ಬರುವ ರಜೆಯ ದಿನ ಮಾಡಿಸಿ, ಬಂದ ಅಂಕಿಯನ್ನು ಕಂಪ್ರೆಸರ್ ಕೋಣೆಯ ಬಾಗಿಲಿಗೆ ದಿನಾಂಕ ಹಾಕಿ ಅಂಟಿಸಿ. ಮೂರು ತಿಂಗಳ ನಂತರದ ಅಂಕಿಯನ್ನು ಅದರ ಕೆಳಗೇ ಬರೆಯಲು ಜಾಗ ಬಿಡಿ.

ಇತಿ,
ಇಂಧನ, ಖರೀದಿ, ಪ್ಯಾಕೇಜಿಂಗ್ ಮತ್ತು ಹೊರಸೂಸುವಿಕೆ ಲೆಕ್ಕದ ಕೆಲಸಗಾರರು